ದಾವಣಗೆರೆಯಲ್ಲಿ ಸಣ್ಣ ಲ್ಯಾಬ್ ಶುರು ಮಾಡುತ್ತಿದ್ದೇನೆ. ರಿಪೋರ್ಟ್ ಆನ್‌ಲೈನಲ್ಲಿ ಕೊಡುವ ಸಾಫ್ಟ್‌ವೇರ್ ಹಾಕಿಸಬಹುದಾ?

ಧಾರಾಳವಾಗಿ ಹಾಕಿಸಿ. ನಾನೂ ಇದೇ ಊರಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೊದಲೆಲ್ಲ ಜಗಳೂರು, ಚನ್ನಗಿರಿ ಕಡೆಯವರು ಬೆಳಿಗ್ಗೆ ರಕ್ತ ಕೊಟ್ಟು ಸಂಜೆವರೆಗೆ ನಮ್ಮ ಬೆಂಚಿನ ಮೇಲೆ ಕೂತಿರುತ್ತಿದ್ದರು. ಈಗ ಸ್ಯಾಂಪಲ್ ಕೊಟ್ಟು ಬಸ್ ಹತ್ತುತ್ತಾರೆ.

ಮಾರಲು ಬಂದವರು ಲೋಗೋ, ಲೆಟರ್‌ಹೆಡ್ಡಿನ ಬಣ್ಣ ತೋರಿಸುತ್ತಾರೆ. ಅದು ಇರಲಿ. ‘ನನ್ನ ಮಷಿನ್‌ನಿಂದ ರಿಸಲ್ಟ್ ನೇರವಾಗಿ ಇದಕ್ಕೆ ಬರುತ್ತಾ, ಕೈಯಲ್ಲಿ ಟೈಪ್ ಮಾಡಬೇಕಾ?’ ಅಂತ ಮೊದಲು ಕೇಳಿ.

ನಾನು ಟೈಪ್ ಮಾಡಿ ಕೆಟ್ಟವನು. ಡೆಂಗ್ಯೂ ಜಾಸ್ತಿ ಇದ್ದ ಒಂದು ಮಳೆಗಾಲ. ರಕ್ತಕಣ ಎಣಿಸುವ ಸೆಲ್ ಕೌಂಟರಿನಲ್ಲಿ ಒಬ್ಬ ಹುಡುಗನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 18 ಅಂತ ಬಂತು. ಅದು ಸಾವಿರದ ಲೆಕ್ಕ, ಅಂದರೆ 18,000. ನಮ್ಮ ರಿಪೋರ್ಟ್ ಇದ್ದದ್ದು ಲಕ್ಷದ ಲೆಕ್ಕದಲ್ಲಿ. 0.18 ಹೊಡೆಯುವ ಕಡೆ 1.8 ಹೊಡೆದೆ. 1.5ರಿಂದ 4.5 ಲಕ್ಷ ನಾರ್ಮಲ್ ಅಲ್ವಾ, ಹಾಗಾಗಿ ಕೆಂಪು ಗುರುತೂ ಬೀಳಲಿಲ್ಲ. ಚೆಂದದ ಪಿಡಿಎಫ್ ಆಗಿ ಹೊರಟೇ ಹೋಯಿತು. ‘ಹುಡುಗನ ವಸಡಲ್ಲಿ ರಕ್ತ ಬರ್ತಿದೆ, ನೀವು ನಾರ್ಮಲ್ ಅಂತೀರಲ್ರೀ’ ಅಂತ ಡಾಕ್ಟರ್ ಫೋನ್ ಮಾಡಿದಾಗ ಕೈಕಾಲು ತಣ್ಣಗಾಯಿತು.

ತಕ್ಷಣ ತಿದ್ದಿ ಕಳಿಸಿದೆ. ಆದರೆ ಹಳೆಯ ಪಿಡಿಎಫ್ ಅವರಪ್ಪನ ಫೋನಲ್ಲಿ ಹಾಗೇ ಇತ್ತು. ದೊಡ್ಡ ಆಸ್ಪತ್ರೆಗೆ ಹೋದಾಗ ಪಾಪ, ಅದನ್ನೇ ತೆಗೆದು ತೋರಿಸಿದ್ದಾರೆ! ಅದಕ್ಕೇ ಫೈಲ್ ಬದಲು ಲಿಂಕ್ ಕಳಿಸುವಂಥದ್ದು ತಗೊಳ್ಳಿ. ತಿದ್ದಿದರೆ ಅದೇ ಲಿಂಕಲ್ಲಿ ಹೊಸದು ಕಾಣಬೇಕು, ಮೇಲೆ ‘ತಿದ್ದಿದ ರಿಪೋರ್ಟ್’ ಅಂತ ಇರಬೇಕು. ಯಾರು, ಯಾವಾಗ, ಏನು ತಿದ್ದಿದರು ಅನ್ನೋದು ಒಳಗೆ ಅಳಿಸದೆ ಉಳಿಯಬೇಕು.

ಮೊಬೈಲ್ ನಂಬರ್ ಬರೆದುಕೊಳ್ಳುವಾಗ ‘ಇದು ಯಾರದು?’ ಅಂತ ಕೇಳಿ. ಎಷ್ಟೋ ಸಲ ಪಕ್ಕದ ಮನೆ ಹುಡುಗನದು ಇರುತ್ತದೆ. ಎಚ್‌ಐವಿ ರಿಪೋರ್ಟನ್ನಂತೂ ವಾಟ್ಸಾಪಿಗೆ ಹಾಕಲೇಬೇಡಿ. ಅದನ್ನು ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆಯೇ ಇದೆ.

ಇನ್ನೊಂದು. ಪೊಟ್ಯಾಶಿಯಂ 6.8 ಬಂತು ಅಂದುಕೊಳ್ಳಿ, ಜೀವಕ್ಕೇ ಅಪಾಯ ಆಗುವಷ್ಟು ಜಾಸ್ತಿ. ರಿಪೋರ್ಟ್ ಕಳಿಸಿ ಸುಮ್ನೆ ಕೂರಬೇಡಿ. ಮೊದಲು ಟ್ಯೂಬ್ ಎತ್ತಿ ಸೀರಂ (ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ) ಕೆಂಪಗಿದೆಯಾ ನೋಡಿ. ರಕ್ತಕಣ ಒಡೆದಿದ್ದರೆ ಪೊಟ್ಯಾಶಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ, ಹೊಸ ಸ್ಯಾಂಪಲ್ ತೆಗೆಯಬೇಕು. ಸೀರಂ ಚೆನ್ನಾಗಿದ್ದರೆ ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ. ಮೆಸೇಜಿಗೆ ನೀಲಿ ಟಿಕ್ ಬರಲಿ ಅಂತ ಕಾಯಬೇಡಿ.

ಹಾಂ, ಡೆಮೊ ಕೊಡಲು ಬಂದಾಗ ಮಧ್ಯದಲ್ಲಿ ಒಮ್ಮೆ ವೈಫೈ ಆಫ್ ಮಾಡಿ. ಆಮೇಲೆ ಏನು ಹೇಳುತ್ತಾರೆ ಕೇಳಿ.