ಭವಿಷ್ಯವಾಣಿಯ ವೀರೆಯೋ, ಒನಕೆ ಹಿಡಿದವಳೋ?

ಪ್ರಶ್ನೆ: ದುರ್ಗದ ಏಳುಸುತ್ತಿನ ಕೋಟೆಯಂಥ ಕಲ್ಪಿತ ಲೋಕದಲ್ಲಿ ನಾವು ಗೆಳೆಯರು ರೋಲ್‌ಪ್ಲೇಯಿಂಗ್ ಗೇಮ್ (ಆಟಗಾರರು ಕಥೆಯ ಪಾತ್ರವಾಗಿ ಆಡುವ ಆಟ) ಕಟ್ಟುತ್ತಿದ್ದೇವೆ. ನಾಯಕಿ ವಿಧಿ ಆರಿಸಿದವಳೋ, ಸಾಮಾನ್ಯಳೋ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಾಮಾನ್ಯಳೇ ಇರಲಿ. ಮಾದರಿ ನಿಮ್ಮೂರಲ್ಲೇ ಇದೆಯಲ್ಲ! ಓಬವ್ವ ಕಾವಲುಗಾರನ ಹೆಂಡತಿ, ಕೈಲಿದ್ದದ್ದು ಒನಕೆ. ಶತ್ರು ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿಯೇ ನುಸುಳಬೇಕಿತ್ತು; ಅದಕ್ಕೇ ಒಬ್ಬಳ ಕೈ ಸಾಕಾಯಿತು. ಬಲ ಇದ್ದದ್ದು ಜಾಗದಲ್ಲಿ.

ಕಾಳಗವನ್ನೂ ಹಾಗೇ ಕಟ್ಟಿ. ನಾಯಕಿಯ ಪ್ರಾಣ 20 ಅಂಕ, ಸೈನಿಕನ ಒಂದು ಏಟಿಗೆ ಕಳೆಯುವುದು 8 ಎಂದಿಡಿ. ಬಯಲಲ್ಲಿ ಇಬ್ಬರು ಮುತ್ತಿದರೆ ಎರಡನೇ ಸುತ್ತಿಗೆ ಸಾಯುತ್ತಾಳೆ. ಕಿಂಡಿಯಲ್ಲಿ ಎದುರಿಗೆ ಒಬ್ಬನೇ. ತೆವಳಿ ಬರುವವನು ಮೊದಲ ಸುತ್ತಿನಲ್ಲಿ ಹೊಡೆಯುವಂತಿಲ್ಲ ಎಂಬ ನಿಯಮ ಹಾಕಿ.

ಎಡವುವುದು ಲೆವೆಲ್ (ಆಟ ಸಾಗಿದಂತೆ ಪಾತ್ರ ಏರುವ ಹಂತ) ಏರಿಸುವಾಗ. ಹತ್ತನೇ ಲೆವೆಲ್ಲಿಗೆ ಪ್ರಾಣ 200 ಆದರೆ 8ರ ಏಟು ಸೊಳ್ಳೆ ಕಚ್ಚಿದಂತೆ. ಆಮೇಲೆ ಅವಳು ಸಾಮಾನ್ಯಳು ಎಂದರೆ ಯಾರೂ ನಂಬರು. ಲೆವೆಲ್ಲಿಗೆ 2 ಮಾತ್ರ ಏರಿಸಿ, ಉಳಿದದ್ದನ್ನು ತಿಳಿವಳಿಕೆಯಾಗಿ ಕೊಡಿ: ಕಳ್ಳದಾರಿ, ಹೊಂಡದ ನೀರಿನ ಮಟ್ಟ, ಪಹರೆ ಬದಲಾಗುವ ಹೊತ್ತು.

ಆಯ್ದ ವೀರರ ತೊಡಕು ಬೇರೆ. ‘ಸ್ಕೈರಿಮ್’ ಎಂಬ ವಿಡಿಯೋ ಗೇಮ್‌ನಲ್ಲಿ (2011) ಲೋಕವೇ ಅಳಿವಿನಂಚಿನಲ್ಲಿದ್ದರೂ ವಿಧಿ ಆರಿಸಿದ ವೀರ ಡ್ರ್ಯಾಗನ್‌ಬಾರ್ನ್ ಹೂವು ಕೀಳುತ್ತಾ ಅಲೆಯಬಹುದು, ಕಥೆಯ ಅವಸರ ಸತ್ತೇಹೋಗುತ್ತದೆ. ಭವಿಷ್ಯವಾಣಿ ಬೇಕೇ ಬೇಕೆಂದರೆ ‘ಮಾರೋವಿಂಡ್’ (2002) ಗೇಮ್ ನೋಡಿ. ಹಡಗಿನಿಂದಿಳಿದ ಕೈದಿಯೊಬ್ಬ ಭವಿಷ್ಯವಾಣಿಯ ವೀರನೆಂಬ ಪಟ್ಟವನ್ನು ಕೆಲಸ ಮಾಡಿ ಗಳಿಸಬೇಕು. ಗುಹೆಯಲ್ಲಿ ಅವನಿಗಿಂತ ಮುಂಚೆ ಯತ್ನಿಸಿ ಸೋತವರ ಪ್ರೇತಗಳೇ ಮಾತಾಡುತ್ತವೆ. ನನಗೆ ಆ ಗುಹೆಗಿಂತ ಚೆನ್ನಾದ ಉತ್ತರ ಕಂಡಿಲ್ಲ.

ಮೊದಲು ಕಿಂಡಿಯ ದೃಶ್ಯವೊಂದನ್ನೇ ಮುಗಿಸಿ, ಹೊಸಬರ ಕೈಗೆ ಕೊಟ್ಟು ನೋಡಿ.