ಮಂಡಿ ಮುಚ್ಚಿದ ಮೇಲೂ ಬಡಿದುಕೊಳ್ಳುವ ಫೋನು

ದಾವಣಗೆರೆಯ ಓದುಗರೊಬ್ಬರ ಪತ್ರ, ಹೆಸರು ಬೇಡ ಎಂದಿದ್ದಾರೆ: "ಎಪಿಎಂಸಿಯ ದಲ್ಲಾಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದೇನೆ. ಬೆಳಿಗ್ಗೆ ಐದಕ್ಕೆ ಲಾರಿಯವರು, ರಾತ್ರಿ ಹನ್ನೊಂದಕ್ಕೆ ಮಾಲೀಕರು. ಧಾರಣೆಯ ವಾಟ್ಸ್ಆಪ್ ಗ್ರೂಪುಗಳೇ ಹನ್ನೆರಡು. ಊಟಕ್ಕೆ ಕೂತಾಗ ಜೇಬಿನಲ್ಲಿ ಫೋನು ನಡುಗಿದ ಹಾಗಾಗುತ್ತದೆ, ತೆಗೆದರೆ ಏನೂ ಇರುವುದಿಲ್ಲ. ಮನೆಯವಳಿಗೂ ಸಿಡಿಮಿಡಿ. ಆಫ್ ಮಾಡಿದರೆ ಕೆಲಸ ಹೋದೀತು."

ಮಾನ್ಯರೇ,

ಮೊದಲು ಆ ನಡುಕದ ವಿಷಯ. ಅದಕ್ಕೆ ಹೆದರಬೇಡಿ, ತುಂಬ ಜನರಿಗೆ ಆಗುತ್ತದೆ. ಕರೆ ಬಂದೀತೆಂದು ಸದಾ ಕಾಯುವ ಮೈ ಬಟ್ಟೆ ಉಜ್ಜಿದ್ದನ್ನೂ ಫೋನೆಂದೇ ತಿಳಿಯುತ್ತದೆ. ವೈಬ್ರೇಷನ್ ನಿಲ್ಲಿಸಿ, ಫೋನನ್ನು ಜೇಬಿನ ಬದಲು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಡಿ. ಕ್ರಮೇಣ ಕಡಿಮೆಯಾಗುತ್ತದೆ.

ನಿಮ್ಮನ್ನು ದಣಿಸುತ್ತಿರುವುದು ಮೆಸೇಜುಗಳ ಲೆಕ್ಕವಲ್ಲ, ಕಾಯುವಿಕೆ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ವರ್ಜೀನಿಯಾ ಟೆಕ್‌ನ ವಿಲಿಯಂ ಬೆಕರ್ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ತೋರಿಸಿದರು: ಕೆಲಸದ ಹೊತ್ತು ಮುಗಿದ ಮೇಲೂ ಮೇಲ್ ನೋಡುತ್ತಿರಬೇಕೆಂಬ ನಿರೀಕ್ಷೆಯೊಂದೇ ಆತಂಕ ತರುತ್ತದೆ, ಅದು ಬಾಳಸಂಗಾತಿಗೂ ತಟ್ಟುತ್ತದೆ. ನಿಮ್ಮ ಮನೆಯವರ ಸಿಡಿಮಿಡಿಗೂ ಇದರ ನಂಟಿರಬಹುದು. ಹಾಗಾಗಿ ಫೋನ್ ಆಫ್ ಮಾಡಿದರೂ ನೆಮ್ಮದಿ ಬರುವುದಿಲ್ಲ, "ಯಾರಾದರೂ ಮಾಡಿದ್ದರೆ?" ಎಂಬ ಕಾಟ ಉಳಿದೇ ಇರುತ್ತದೆ. ತುರ್ತಿನದು ತಪ್ಪದೆ ತಲುಪುತ್ತದೆ, ಉಳಿದದ್ದು ಬೆಳಗಿನವರೆಗೆ ಕಾಯುತ್ತದೆ ಎಂಬ ಭರವಸೆ ಹುಟ್ಟಬೇಕು.

ಅದಕ್ಕೆ ಕಾಂಟ್ಯಾಕ್ಟ್ಸ್‌ನಲ್ಲಿ ಐದಾರು ಹೆಸರಿಗೆ ಮಾತ್ರ ಸ್ಟಾರ್ ಗುರುತು ಹಾಕಿ: ಮನೆಯವರು, ಮಾಲೀಕರು, ಆ ರಾತ್ರಿ ಲೋಡು ತರುವ ಡ್ರೈವರ್. ಸೆಟ್ಟಿಂಗ್ಸ್‌ನ ಡು ನಾಟ್ ಡಿಸ್ಟರ್ಬ್‌ಗೆ ಹೋಗಿ ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ವೇಳೆ ಹೊಂದಿಸಿ, ಸ್ಟಾರ್ ಇರುವವರ ಕರೆಗಷ್ಟೇ ಅನುಮತಿ ಕೊಡಿ. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗಾಗುವ ಆಯ್ಕೆಯೂ ಅಲ್ಲೇ ಇದೆ, ಅದನ್ನು ಆನ್ ಮಾಡಿ. ಎಲ್ಲರಿಗೂ ಒಂದೇ ಮಾತು ಹೇಳಿಬಿಡಿ: ಅರ್ಜೆಂಟಿದ್ದರೆ ಮಾಮೂಲಿ ಕರೆ, ಇಲ್ಲದಿದ್ದರೆ ಮೆಸೇಜು. ಅನೇಕರು ಎಡವುವುದು ಇಲ್ಲೇ. ಮುಲಾಜಿಗೆ ನಲವತ್ತು ಜನರಿಗೆ ಸ್ಟಾರ್ ಹಾಕಿ, ಏನೂ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ.

ಗ್ರೂಪುಗಳನ್ನು "ಆಲ್ವೇಸ್" ಎಂದು ಮ್ಯೂಟ್ ಮಾಡಿದರೆ ಸದ್ದು ನಿಲ್ಲುತ್ತದೆ, ಆದರೆ ಬಂದ ಮೆಸೇಜಿನ ಅಂಕಿ ಕಣ್ಣು ಕುಕ್ಕುತ್ತಲೇ ಇರುತ್ತದೆ. ಅದಕ್ಕೇ ಆರ್ಕೈವ್ ಮಾಡಿ. ನಿಮ್ಮ ಹೆಸರು ಹಿಡಿದು ಕರೆದರೆ ಅಥವಾ ನಿಮ್ಮ ಮೆಸೇಜಿಗೆ ಉತ್ತರಿಸಿದರೆ ಆಗಲೂ ತಿಳಿಯುತ್ತದೆ. ಧಾರಣೆಗೆ ಒಂದೇ ಗ್ರೂಪು ಉಳಿಸಿಕೊಳ್ಳಿ. ಒಂದೇ ರೇಟು ಹನ್ನೆರಡು ಕಡೆ ಓದಿದರೆ ಕ್ವಿಂಟಾಲಿಗೆ ಒಂದು ರೂಪಾಯಿಯೂ ಹೆಚ್ಚಾಗದು.

ರೈತರಿಗೆ ಉತ್ತರಿಸಲು ಎರಡನೇ ಸಿಮ್ಮಿನಲ್ಲಿ ವಾಟ್ಸ್ಆಪ್ ಬಿಸಿನೆಸ್ ಹಾಕಿಕೊಳ್ಳಿ, ಉಚಿತ. ಅದರ "ಅವೇ ಮೆಸೇಜ್"ನಲ್ಲಿ ಹೀಗೆ ಬರೆದಿಡಿ: "ಮಂಡಿ ಮುಚ್ಚಿದೆ. ಬೆಳಿಗ್ಗೆ 7ಕ್ಕೆ ಉತ್ತರಿಸುತ್ತೇವೆ. ಲಾರಿ ದಾರಿಯಲ್ಲಿದ್ದರೆ ಕರೆ ಮಾಡಿ." ವೇಳೆಯನ್ನೂ ಹೊಂದಿಸಿ. ಫೋನಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಈ ಉತ್ತರ ಹೋಗುವುದೇ ಇಲ್ಲ, ಆದ್ದರಿಂದ ರಾತ್ರಿ ಡೇಟಾ ಆಫ್ ಮಾಡಬೇಡಿ. ನೀಲಿ ಟಿಕ್ ನಿಲ್ಲಿಸಿದರೆ "ಓದಿಯೂ ಸುಮ್ಮನಿದ್ದಾನೆ" ಎಂಬ ದೂರು ತಪ್ಪುತ್ತದೆ, ಆದರೆ ಬೇರೆಯವರ ಟಿಕ್ ನಿಮಗೂ ಕಾಣದು, ಗ್ರೂಪಿನಲ್ಲಂತೂ ಅದು ನಿಲ್ಲುವುದಿಲ್ಲ.

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತಿನಾಚೆ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಬೆಂಬಲವಿದೆ. ನಿಮ್ಮ ಮಂಡಿಯಲ್ಲಿ ಅದು ಮಾತಿನಿಂದಲೇ ಆಗಬೇಕು. ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದೆ, ಎದೆ ಡವಗುಟ್ಟುವುದು ವಾರಗಟ್ಟಲೆ ಮುಂದುವರಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಅತಿಬಳಕೆಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಮಾಲೀಕರಿಗೆ ಇದನ್ನು ಮೆಸೇಜಿನಲ್ಲಿ ತಿಳಿಸಬೇಡಿ. ಟೆಂಡರ್ ಮುಗಿದು, ತೂಕವಾಗಿ, ರೈತರಿಗೆ ಪಟ್ಟಿ ಕೊಟ್ಟ ಮೇಲೆ ಎದುರು ಕೂತು ಹೇಳಿ. "ರಾತ್ರಿ ಫೋನ್ ನೋಡುವುದಿಲ್ಲ" ಎನ್ನಬೇಡಿ. "ಒಂಬತ್ತರ ಮೇಲೆ ನೀವು ಕರೆ ಮಾಡಿದರೆ ಎತ್ತೇ ಎತ್ತುತ್ತೇನೆ, ಮೆಸೇಜು ಬೆಳಿಗ್ಗೆ ಐದಕ್ಕೆ ನೋಡುತ್ತೇನೆ" ಎನ್ನಿ. ಮೆಕ್ಕೆಜೋಳದ ಆವಕ ಜೋರಾಗುವ ಮುನ್ನವೇ ಈ ಮಾತು ಆಗಿಬಿಡಲಿ.

— ಸಂಪಾದಕ