ಮಲೇರಿಯಾ ಲಸಿಕೆಯ ನಂತರ ಆ್ಯಂಟಿಬಾಡಿ ನೆಗೆಟಿವ್ ಬಂದರೆ?

ಪತ್ರ: ಕೀನ್ಯಾದ ಕಿಸುಮುವಿನಲ್ಲಿರುವ ಮೊಮ್ಮಗನಿಗೆ ಮಲೇರಿಯಾ ಲಸಿಕೆಯ ನಾಲ್ಕೂ ಡೋಸ್ ಆಗಿದೆ. ರಜೆಗೆ ಬಂದಾಗ ಮೈಸೂರಿನ ಲ್ಯಾಬೊಂದರಲ್ಲಿ ಮಲೇರಿಯಾ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದೆವು. ನೆಗೆಟಿವ್ ಬಂತು. ಲಸಿಕೆ ಹತ್ತಲಿಲ್ಲವೆ? ಇನ್ನೊಂದು ಡೋಸ್ ಹಾಕಿಸಬೇಕೆ?
— ಓದುಗರೊಬ್ಬರು, ಅಶೋಕನಗರ, ಮಂಡ್ಯ

ಸಂಪಾದಕರ ಉತ್ತರ: ಗಾಬರಿ ಬೇಡ. ಆ ರಿಪೋರ್ಟ್ ನೋಡಿ ಲಸಿಕೆ ಹತ್ತಿತೋ ಇಲ್ಲವೋ ಹೇಳಲು ಬರುವುದಿಲ್ಲ. ಲ್ಯಾಬ್‌ಗಳ ಸಾಮಾನ್ಯ ಕಿಟ್ ಹುಡುಕುವುದು, ರೋಗಾಣು ಕೆಂಪು ರಕ್ತಕಣಕ್ಕೆ ಹೊಕ್ಕ ಮೇಲೆ ಹುಟ್ಟುವ ಪ್ರತಿಕಾಯಗಳನ್ನು (ಆ್ಯಂಟಿಬಾಡಿಗಳನ್ನು). ಕೀನ್ಯಾದಲ್ಲಿ ಕೊಡುವ ಆರ್‌ಟಿಎಸ್,ಎಸ್ ಲಸಿಕೆಯ ಗುರಿ ಅದಕ್ಕಿಂತ ಹಿಂದಿನ ಹಂತ: ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವ, ಸ್ಪೊರೊಜಾಯಿಟ್ ಎಂಬ ರೋಗಾಣುವಿನ ಮೊದಲ ರೂಪ. ಅದರ ಮೈ ಹೊದ್ದಿರುವ ಸಿಎಸ್‌ಪಿ ಎಂಬ ಪ್ರೋಟೀನಿನ ತುಣುಕನ್ನು ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರದ ಪ್ರೋಟೀನಿಗೆ ಬೆಸೆದು ಈ ಲಸಿಕೆ ಕಟ್ಟಿದ್ದಾರೆ. ಹಾಗಾಗಿ ಇದನ್ನು ಪಡೆದ ಮಕ್ಕಳಲ್ಲಿ ಹೆಪಟೈಟಿಸ್ ಬಿ ಪ್ರತಿಕಾಯವೂ ಏರುತ್ತದೆ; ಮುಂದೆ ಯಾರಾದರೂ ಅದನ್ನು ಅಳೆದರೆ ಬೆದರಬೇಡಿ.

ಸಿಎಸ್‌ಪಿ ಪ್ರತಿಕಾಯವನ್ನು ಅಳೆಯುವುದು ಸಂಶೋಧನಾ ಲ್ಯಾಬ್‌ಗಳ ಕೆಲಸ. ಪ್ಲೇಟಿನ ಗುಳಿಗಳಿಗೆ ಸಿಎಸ್‌ಪಿಯಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ಅಮೈನೊ ಆಮ್ಲಗಳ ಸರಣಿಯನ್ನು ಅಂಟಿಸಿ, ಸೀರಂ (ರಕ್ತಕಣ ತೆಗೆದ ತಿಳಿದ್ರವ) ಅನ್ನು ಹಂತ ಹಂತವಾಗಿ ತೆಳುಮಾಡಿ ಹಾಕಿ, ಬರುವ ಬಣ್ಣವನ್ನು ಪ್ರತಿಕಾಯದ ಪ್ರಮಾಣ ಮೊದಲೇ ಗೊತ್ತಿರುವ ಸೀರಂ ಜೊತೆ ಹೋಲಿಸುತ್ತಾರೆ. ಒಂದು ಲ್ಯಾಬಿನ ಅಂಕಿ ಇನ್ನೊಂದರ ಅಂಕಿಗೆ ತಾಳೆಯಾಗದೆ ಇರಬಹುದು. ಹೆಚ್ಚು ತೊಡಕಿನ ವಿಷಯವೆಂದರೆ, ‘ಇಷ್ಟಿದ್ದರೆ ಮಗು ಸುರಕ್ಷಿತ’ ಎನ್ನುವ ಒಪ್ಪಿತ ಗಡಿ ಇಲ್ಲ. ಗುಂಪಾಗಿ ನೋಡಿದರೆ ಪ್ರತಿಕಾಯ ಹೆಚ್ಚಿದ್ದವರಿಗೆ ರಕ್ಷಣೆ ಹೆಚ್ಚು. ಒಂದೇ ಮಗುವಿನ ಅಂಕಿಯಿಂದ ಭವಿಷ್ಯ ಹೇಳಲಾಗದು. ಪ್ರತಿಕಾಯ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದೂ ಮುಖ್ಯ, ಅದು ಈ ಅಂಕಿಯಲ್ಲಿ ಕಾಣುವುದಿಲ್ಲ.

ಇಲ್ಲಿ ಪ್ರತಿಕಾಯದ ಪ್ರಮಾಣಕ್ಕೆ ಇಷ್ಟು ಬೆಲೆ ಏಕೆ? ಸ್ಪೊರೊಜಾಯಿಟ್‌ಗಳು ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ಲಿವರ್ ಸೇರಿಬಿಡುತ್ತವೆ. ಲಸಿಕೆಯನ್ನು ನೆನಪಿಟ್ಟ ರೋಗನಿರೋಧಕ ಕಣಗಳು ಎಚ್ಚೆತ್ತು ಹೊಸ ಪ್ರತಿಕಾಯ ತಯಾರಿಸಲು ದಿನಗಳೇ ಬೇಕು. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ, ತಪ್ಪಿಸಿಕೊಂಡ ಒಂದೇ ಒಂದು ಸ್ಪೊರೊಜಾಯಿಟ್ ಲಿವರಿನಲ್ಲಿ ಸಾವಿರಾರು ಮರಿ ಮಾಡುತ್ತದೆ. ಅಂದರೆ ಪ್ರತಿಕಾಯ ಮೊದಲೇ ರಕ್ತದಲ್ಲಿ ತುಂಬಿರಬೇಕು. ಆದರೆ ಅದು ನಿಲ್ಲುವುದಿಲ್ಲ. ಮೊದಲ ತಿಂಗಳುಗಳಲ್ಲಿ ಸುಮಾರು 45 ದಿನಕ್ಕೆ ಅರ್ಧವಾಗುತ್ತಾ ವೇಗವಾಗಿ ಇಳಿದು, ಆಮೇಲೆ ಬಹಳ ನಿಧಾನವಾಗಿ ಕರಗುತ್ತದೆ. ನಾಲ್ಕನೆಯ ಡೋಸ್ ಮತ್ತೆ ಏರಿಸುತ್ತದೆ, ಮೂರನೆಯದರ ನಂತರದ ಎತ್ತರಕ್ಕೆ ಮಾತ್ರ ಮುಟ್ಟಿಸುವುದಿಲ್ಲ. ದೊಡ್ಡ ಪ್ರಯೋಗದಲ್ಲಿ 5ರಿಂದ 17 ತಿಂಗಳ ವಯಸ್ಸಿನಲ್ಲಿ ಶುರುಮಾಡಿ ನಾಲ್ಕೂ ಡೋಸ್ ಪಡೆದ ಮಕ್ಕಳಲ್ಲಿ, ಸುಮಾರು ನಾಲ್ಕು ವರ್ಷದ ಲೆಕ್ಕದಲ್ಲಿ, ತಡೆದದ್ದು ಶೇ 36ರಷ್ಟು ಮಲೇರಿಯಾ. ಕಡಿಮೆ ಎನ್ನಿಸಬಹುದು. ವರ್ಷಕ್ಕೆ ಹಲವು ಸಲ ಜ್ವರ ಬರುವ ಊರುಗಳಲ್ಲಿ ಅದು ದೊಡ್ಡ ಉಪಕಾರವೇ.

ಇನ್ನೊಂದು ಡೋಸ್ ಇಲ್ಲಿ ಹುಡುಕಬೇಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಎರಡನೆಯ ಲಸಿಕೆ ಆರ್21 ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲೇ ತಯಾರಾಗುತ್ತದೆ, ಆದರೂ ನಮ್ಮ ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲಿ ಮಲೇರಿಯಾ ಲಸಿಕೆ ಇಲ್ಲ. ಐದನೆಯದು ಬೇಕೇ ಎಂಬುದನ್ನು ಕಿಸುಮುವಿನ ವೈದ್ಯರು ಅಲ್ಲಿನ ಪರಿಸ್ಥಿತಿ ನೋಡಿ ಹೇಳಲಿ.

ನೀವು ಕೇಳದ ಒಂದು ಮಾತನ್ನು ಹೇಳಲೇಬೇಕು. ಈ ಲಸಿಕೆಗಳು ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾ ರೋಗಾಣುವಿನ ವಿರುದ್ಧ. ನಮ್ಮ ದೇಶದಲ್ಲಿ ವೈವ್ಯಾಕ್ಸ್ ಎಂಬ ಇನ್ನೊಂದು ಬಗೆ ಕೂಡ ಇದೆ. ಅದರ ಸಿಎಸ್‌ಪಿಯ ಸರಣಿಯೇ ಬೇರೆ, ಈ ಪ್ರತಿಕಾಯ ಅದನ್ನು ಹಿಡಿಯದು. ನಾಲೆ ಬಯಲಿನಲ್ಲಿ ರಜೆ ಕಳೆಯುವಾಗಲೂ ಮಗು ಸೊಳ್ಳೆಪರದೆಯೊಳಗೇ ಮಲಗಲಿ. ಜ್ವರ ಬಂದರೆ ಅದೇ ದಿನ ರಕ್ತಲೇಪನ (ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಇಲ್ಲವೇ ಆ್ಯಂಟಿಜೆನ್ ರ‍್ಯಾಪಿಡ್ ಪರೀಕ್ಷೆ ಮಾಡಿಸಿ, ಕಿಸುಮುವಿನಿಂದ ಬಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ರ‍್ಯಾಪಿಡ್ ಪರೀಕ್ಷೆ ಹುಡುಕುವ ಆ್ಯಂಟಿಜೆನ್ (ರೋಗಾಣುವಿನ ಪ್ರೋಟೀನು) ಲಸಿಕೆಯಲ್ಲಿ ಇಲ್ಲ, ಆದ್ದರಿಂದ ಪಾಸಿಟಿವ್ ಬಂದರೆ ಲಸಿಕೆಯ ಪ್ರಭಾವ ಎಂದು ತಳ್ಳಿಹಾಕುವಂತಿಲ್ಲ. ಈಚೆಗೆ ಮಲೇರಿಯಾ ಬಂದು ವಾಸಿಯಾಗಿದ್ದರೆ ಮಾತ್ರ ಈ ಪರೀಕ್ಷೆ ಕೆಲವು ವಾರ ಪಾಸಿಟಿವ್ ಉಳಿಯಬಹುದು. ಮೊದಲ ಲೇಪನ ನೆಗೆಟಿವ್ ಬಂದೂ ಜ್ವರ ಬಿಡದಿದ್ದರೆ 12ರಿಂದ 24 ಗಂಟೆಗೊಮ್ಮೆ ಇನ್ನೆರಡು ಸಲ ಮಾಡಿಸಿ. ವೈವ್ಯಾಕ್ಸ್ ಎಂದು ಬಂದರೆ, ಪ್ರೈಮಾಕ್ವಿನ್ ಶುರುಮಾಡುವ ಮೊದಲು ಜಿ6ಪಿಡಿ ಪರೀಕ್ಷೆಯ ಬಗ್ಗೆ ಕೇಳಿ: ಆ ಕಿಣ್ವ ಕಡಿಮೆಯಿರುವ ಮಕ್ಕಳಲ್ಲಿ ಈ ಮಾತ್ರೆಯಿಂದ ಕೆಂಪುಕಣಗಳು ಒಡೆಯುತ್ತವೆ.